ದನಗಾಹಿ ಎಂದು ಬರೆಸಿದ ದೊಡ್ಡವ್ವ

ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಚಿಕ್ಕೇರೂರಿನಲ್ಲಿ ಓಣಿಯ ದನಗಳನ್ನೆಲ್ಲ ಮೇಯಿಸಿಕೊಂಡು ಬರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಗ್ಗಿ ತಪ್ಪಿದ್ದಕ್ಕೆ ಮಾಸ್ತರರು, "ದನಾ ಕಾಯಾಕ ಹೋಗು, ನಿನಗ ಸಾಲಿ ಯಾಕ" ಎಂದರು. ವರ್ಗವೆಲ್ಲ ನಕ್ಕಿತು. ಸಂಜೆ ದೊಡ್ಡವ್ವನ ಮುಂದೆ ಅತ್ತುಬಿಟ್ಟೆ.

ಆಕೆಗೆ ಸಿಟ್ಟು ಬರಲಿಲ್ಲ. "ರವಿವಾರ ನನ್ನ ಕೂಡ ಬಾ. ಹೆಂಗಿರತೈತಿ ನೋಡೀಯಂತ" ಎಂದಳು.

ಹೋದೆ. ಮಧ್ಯಾಹ್ನ ಕೆರೆಯ ದಂಡೆಯಲ್ಲಿ ರೊಟ್ಟಿ ಬಿಚ್ಚಿದ್ದೆವು. ಆಕೆ ಅರ್ಧಕ್ಕೇ ಎದ್ದಳು. ಪಕ್ಕದ ಮನೆಯವರ ಕೆಂದಾಕಳು ಹಿಂಡು ಬಿಟ್ಟು ಜಾಲಿಗಿಡದ ಕೆಳಗೆ ನಿಂತಿತ್ತು. "ಇವತ್ತ ಈಯತೈತಿ ಇದು. ನಡಿಗಿ ನೋಡಿದ್ದೆ ಮುಂಜಾನೆ" ಎಂದವಳೇ ಹತ್ತಿರ ಹೋಗಿ ಸುಮ್ಮನೆ ಕೂತಳು. ನನಗೂ ಕೂರಲು ಹೇಳಿದಳು. ಎಷ್ಟು ಹೊತ್ತು ಕೂತೆವೋ, ಕಾಲು ಜೋಮು ಹಿಡಿದವು.

"ಏನೂ ಮಾಡೂದಿಲ್ಲೇನ ದೊಡ್ಡವ್ವ?"

"ಮಾಡಾಕತ್ತೇನಲ್ಲ. ಕಾಯಾಕತ್ತೇನಿ."

ಕರು ಬಿದ್ದಾಗ ಸೆರಗಿನಿಂದಲೇ ಅದರ ಮೂಗು ಒರೆಸಿದಳು. ಆಕಳು ನೆಕ್ಕಿ ಮುಗಿಸುವ ತನಕ ತಡೆದು, ಕರುವನ್ನು ಹೆಗಲ ಮೇಲೆ ಹೊತ್ತು ಊರ ಕಡೆ ನಡೆದಳು. ಉಳಿದ ದನಗಳನ್ನು ಹೊಡೆದುಕೊಂಡು ಬಂದವಳು ನಾನು. ಒಂದೂ ತಪ್ಪಲಿಲ್ಲ. ಅವತ್ತಿನ ಆ ಹೆಮ್ಮೆ ಮುಂದೆ ಯಾವ ಪರೀಕ್ಷೆ ಪಾಸಾದಾಗಲೂ ನನಗೆ ಬರಲಿಲ್ಲ.

ಹಾನಗಲ್ಲಿನಲ್ಲಿ ಕಾಲೇಜು ಓದುವಾಗ ಹಳಗನ್ನಡದ ಪಾಠದಲ್ಲಿ 'ತುರುಗಾಹಿ' ಎಂಬ ಮಾತು ಬಂತು. ತುರು ಅಂದರೆ ಆಕಳು, ಕಾಹಿ ಅಂದರೆ ಕಾಯುವವರು. ಎರಡೂ ಕೂಡಿದಾಗ ಕಾಹಿ ಗಾಹಿಯಾಗುತ್ತದೆ, ನಮ್ಮ ದನಗಾಹಿಯೂ ಹಾಗೇ ಆದದ್ದು ಎಂದರು ಮೇಡಂ. ಊರ ದನಗಳನ್ನು ಬಿಡಿಸಿ ತರಲು ಹೋಗಿ ಸತ್ತವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದ ಸಂಗತಿಯನ್ನೂ ಹೇಳಿದರು. ಆ ಶನಿವಾರದ ಬಸ್ಸಿಗೇ ಊರಿಗೆ ಹೋಗಿ ದೊಡ್ಡವ್ವನಿಗೆ ಎಲ್ಲವನ್ನೂ ಒಪ್ಪಿಸಿದೆ. ಆಕೆ ಕಸಬರಿಗೆ ಬದಿಗಿಟ್ಟು ಕೇಳಿದಳು.

"ಅಷ್ಟ ಹಳೇ ಮಾತೇನ ಅದು?"

"ಹೌದು."

"ಮತ್ತ ಬೈಗಳ ಯಾವಾಗಾತು?"

ಕೇಳಿದವಳೇ ಮತ್ತೆ ಕಸಬರಿಗೆ ಎತ್ತಿಕೊಂಡಳು.

ಈಗ ಓಣಿಯಲ್ಲಿ ಬಯಲಿಗೆ ಹೋಗುವ ದನಗಳೇ ಇಲ್ಲ. ಇದ್ದ ಒಂದೆರಡು ಕೊಟ್ಟಿಗೆಯಲ್ಲೇ ಮೇಯುತ್ತವೆ. ಹೋದ ವರ್ಷ ಯಾವುದೋ ಅರ್ಜಿ ಕೊಡಲು ದೊಡ್ಡವ್ವನನ್ನು ಹಿರೇಕೆರೂರಿಗೆ ಕರೆದುಕೊಂಡು ಹೋಗಿದ್ದೆ. ಅರ್ಜಿ ತುಂಬುತ್ತಿದ್ದವರು ಉದ್ಯೋಗ ಕೇಳಿ, ಆಕೆ ಬಾಯಿ ತೆರೆಯುವ ಮೊದಲೇ, "ಮನಿಕೆಲಸ ಅಂತ ಬರೀತೇನ್ರಿ" ಎಂದರು.

"ಬ್ಯಾಡ್ರಿ. ದನಗಾಹಿ ಅಂತ ಬರೀರಿ" ಎಂದಳು ದೊಡ್ಡವ್ವ.

ಅವರು ನನ್ನ ಮುಖ ನೋಡಿದರು. "ಹೌದ್ರಿ, ಹಂಗ ಬರೀರಿ" ಎಂದೆ. ಬರೆದದ್ದನ್ನು ಓದಿ ತೋರಿಸಲು ಹೇಳಿದಳು. ಓದಿದೆ. ಆಕೆ ಕನ್ನಡಕ ಸರಿಮಾಡಿಕೊಂಡು, ಆ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿ, ಹೆಬ್ಬೆಟ್ಟು ಒತ್ತಿದಳು.