ಜಟ್ಟಪ್ಪನ ಸ್ಪೀಕರ್ ಫೋನು

ನಮ್ಮ ಜಟ್ಟಪ್ಪ ನಾಯ್ಕನಿಗೆ ಕೈಗಾದ ಅಣುಸ್ಥಾವರದಲ್ಲಿ ಕೆಲಸ. ಅಲ್ಲಿ ಆರಾಮಾಗಿ ಓಡಾಡುವ ಮನುಷ್ಯನಿಗೆ ಹೆದರಿಕೆ ಇದ್ದದ್ದು ಮೊಬೈಲಿನದು. ಕಿವಿಗೆ ಹಚ್ಚಿದರೆ ವಿಕಿರಣ ಸೀದಾ ಮಿದುಳಿಗೇ ಹೋಗುತ್ತದೆಂದು ಎಲ್ಲೋ ಓದಿಕೊಂಡು, 2008ರಲ್ಲಿ ಫೋನು ಕೊಂಡಾಗಿನಿಂದ ಅದನ್ನು ಕೈ ಚಾಚಿ ಹಿಡಿದು, ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದ.

ಹಾಗಾಗಿ ಅಮದಳ್ಳಿಯಿಂದ ಹೊರಡುವ ನಮ್ಮ ಕಂಪನಿ ಬಸ್ಸಿಗೆ ಅವನ ಮನೆಯ ಗುಟ್ಟೆಲ್ಲ ಗೊತ್ತು. ಹೆಂಡತಿ ದುರ್ಗಾಳ ಬೈಗುಳ, ಅಣ್ಣನ ಜೊತೆಗಿನ ಬೇಲಿ ಜಗಳ, ಮೂಲವ್ಯಾಧಿಗೆ ಡಾಕ್ಟರು ಹೇಳಿದ ಪಥ್ಯ. ನಾವು ಕಿಟಕಿಯಾಚೆ ನೋಡುತ್ತ ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದೆವು. ನನಗಂತೂ ನಾಚಿಕೆಯೇ ಆಗುತ್ತಿರಲಿಲ್ಲ. ಅಷ್ಟು ದೂರದ ದಾರಿ, ಬೇರೇನು ಮಾಡುವುದು?

ಮಗಳು ವಿಜೇತಾ ಅಂಕೋಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳಿಗೆ ಕುಮಟೆಯ ಹುಡುಗನನ್ನು ನೋಡಿ, ರವಿವಾರ ಮದುವೆ ನಿಶ್ಚಯವೆಂದು ಆಗಿತ್ತು. ಆ ಮಾತುಕತೆಯೂ ನಮ್ಮೆದುರೇ ನಡೆದದ್ದರಿಂದ ಹುಡುಗನ ಅಪ್ಪನ ದನಿ ಬಸ್ಸಿಗೆಲ್ಲ ಪರಿಚಯ.

ಶುಕ್ರವಾರ ಬೆಳಿಗ್ಗೆ ಬಸ್ಸು ಕಾರವಾರ ದಾಟುವಾಗ ವಿಜೇತಾಳ ಫೋನು ಬಂತು.

"ಅಪ್ಪಾ, ಸ್ಪೀಕರ್ ಹಾಕಿದ್ಯಲ್ಲ?"

ಹೌದೆಂದ.

"ಹಂಗೇ ಇರ್ಲಿ. ಮನೇಲಿ ಹೇಳೂಕೆ ಬಂದ್ರೆ ನೀ ಟೀವಿ ದೊಡ್ಡ ಮಾಡ್ತೀಯ. ನಂಗೆ ಆ ಹುಡ್ಗ ಬ್ಯಾಡ. ನನ್ನ ಆರ್ಕುಟ್ ಪಾಸ್‌ವರ್ಡ್ ಕೊಡ್ಬೇಕಂತೆ, ಇಲ್ದಿದ್ರೆ ನಿಶ್ಚಯ ಇಲ್ಲಂತೆ."

ಇಷ್ಟು ಹೇಳಿ ಇಟ್ಟುಬಿಟ್ಟಳು. ಒಬ್ಬನಿಗೆ ಗುಟ್ಟು ಕೊಡಲೊಲ್ಲದ ಹುಡುಗಿ ನಮ್ಮನ್ನೆಲ್ಲ ಸಾಕ್ಷಿ ಮಾಡಿಕೊಂಡಿದ್ದಳು. ಜಾಣೆ.

ಪಾಸ್‌ವರ್ಡ್ ಕೊಟ್ಟರೆ ಏನಾಗುತ್ತದೆಂದು ಜಟ್ಟಪ್ಪ ನನ್ನನ್ನು ಕೇಳಿದ. ಆರ್ಕುಟ್ಟೆಂದರೆ ಆಗಿನ ಫೇಸ್‌ಬುಕ್ಕು, ಅದರಲ್ಲಿ ಅವಳೂ ಗೆಳತಿಯರೂ ಬರೆದುಕೊಂಡದ್ದನ್ನೆಲ್ಲ ಆ ಹುಡುಗ ಕೂತು ಓದಬಹುದು, ಅವಳ ಹೆಸರಿನಲ್ಲಿ ತಾನೇ ಬರೆಯಲೂಬಹುದು ಎಂದೆ. ಹಿಂದಿನ ಸೀಟಿನ ಗುರುಪ್ರಸಾದ, ಮುಚ್ಚಿಡುವಂಥದ್ದು ಇಲ್ಲದಿದ್ದರೆ ಕೊಡಲು ಏನು ಧಾಡಿ ಎಂದು ಮೂಗು ತೂರಿಸಿದ. ಜಟ್ಟಪ್ಪ ಅವನನ್ನು ದುರುಗುಟ್ಟಿ ನೋಡಿ, ಅಲ್ಲೇ ಹುಡುಗನ ಅಪ್ಪನಿಗೆ ಫೋನು ಹಚ್ಚಿದ.

ನಿಶ್ಚಯ ಬೇಡವೆಂದೂ, ಯಾಕೆಂದೂ ಹೇಳಿದ. ಅತ್ತಲಿನ ಹಿರಿಯರು ಬೇಸರ ಮಾಡಿಕೊಂಡರು. ನಾಳೆ ಗಂಡನಾಗುವವನು ಕೇಳಿದರೆ ತಪ್ಪೇನು, ಇಷ್ಟು ಸಣ್ಣದಕ್ಕೆ ಸಂಬಂಧ ಮುರಿಯುತ್ತಾರೆಯೇ ಎಂದರು. ಜಟ್ಟಪ್ಪ ಈಗ ಮೆತ್ತಗಾಗಿಬಿಟ್ಟರೆ ಎಂದು ನನಗೇ ಜೀವ ಹಿಡಿಯಷ್ಟಾಯಿತು.

"ನೋಡಿ," ಎಂದ ಜಟ್ಟಪ್ಪ, "ಅವಳನ್ನ ಹುಟ್ಟಿಸ್ದಂವ ನಾನು. ನಾನೇ ಅದ್ನ ಕೇಳ್ಲಿಲ್ಲ. ನಿಮ್ಮ ಹುಡ್ಗ ಯಾರು ಕೇಳೂಕೆ?"