ತಿಜೋರಿಯಲ್ಲಿ ಚಪ್ಪಲಿ

ನಮ್ಮವರ ಸಮಾರಂಭಗಳಿಗೆ ಹೋದಾಗ ನನ್ನನ್ನು ಮೊದಲು ಕಾಡುವ ಚಿಂತೆ ಪ್ರಸಾದದ್ದಲ್ಲ, ಪಾದರಕ್ಷೆಯದು. ಬಿಟ್ಟ ಜಾಗದಲ್ಲೇ ಬೂಟು ಸಿಕ್ಕ ದಿನ, ನಂಬಿ, ನನ್ನ ದೈವಭಕ್ತಿ ಗುಲಗಂಜಿಯಷ್ಟು ಹೆಚ್ಚುತ್ತದೆ. ಅಂಥ ನನ್ನ ಬೂಟು ಒಮ್ಮೆ ಡೆಟ್ರಾಯಿಟ್‌ನ ಹಳೆಯ ಬ್ಯಾಂಕೊಂದರ ತಿಜೋರಿಯಲ್ಲಿ ವಿರಾಜಮಾನವಾಗಿತ್ತು.

ಆ ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ ಕಾರಿನ ಬಾಗಿಲುಗಳ ನಕ್ಷೆ ಬರೆಯುವುದು ನನ್ನ ಉದ್ಯೋಗವಾಗಿತ್ತು. ಆರು ವರ್ಷ ತಲೆ ತಗ್ಗಿಸಿ ಲಿಫ್ಟು ಹತ್ತಿದವನು, ಆರ್ಥಿಕ ಹಿಂಜರಿತದಲ್ಲಿ ಕೆಲಸ ಹೋದ ಮೇಲಷ್ಟೇ ತಲೆಯೆತ್ತಿ ಕೆಳಗಿನ ಹಜಾರದ ಛಾವಣಿ ನೋಡಿದೆ. ಅಬ್ಬಾ, ನೀಲಿ-ಹೊನ್ನಿನ ಬಿಲ್ಲೆಗಳ ಆ ಕಮಾನು! ಕತ್ತು ನೋಯುವವರೆಗೂ ನೋಡಿದೆ. ಪುರುಸೊತ್ತೂ ಇತ್ತೆನ್ನಿ: ಹೆಂಡತಿ ಪದ್ಮಿನಿಗೆ ಹೇಳುವ ಧೈರ್ಯವಿಲ್ಲದೆ, ಎರಡು ತಿಂಗಳು ದಿನಾ ಸ್ಟರ್ಲಿಂಗ್ ಹೈಟ್ಸ್‌ನಿಂದ ಇಪ್ಪತ್ತು ಮೈಲಿ ಡ್ರೈವ್ ಮಾಡಿ, ಅವಳು ಕಟ್ಟಿಕೊಟ್ಟ ಡಬ್ಬಿ ಹಿಡಿದು, ಆ ಹಜಾರದ ಅಮೃತಶಿಲೆಯ ಬೆಂಚಿನ ಮೇಲೆ ಕೂತು ಕೆಲಸಕ್ಕೆ ಅಪ್ಲೈ ಮಾಡುತ್ತಿದ್ದೆ.

ಬಾಗಿಲು ಕಾಯುವ ವೃದ್ಧ ವಾಲ್ಟರ್ ನನ್ನನ್ನು ಎಬ್ಬಿಸಲಿಲ್ಲ. ಬದಲಿಗೆ ಕಟ್ಟಡದ ಪೂರ್ವೋತ್ತರ ಹೇಳಿದರು. ಮೊದಲು ಬ್ಯಾಂಕು, ಆಗ ಅವರ ತಾಯಿ ಇದೇ ನೆಲ ಒರೆಸುತ್ತಿದ್ದರಂತೆ. ಆಮೇಲೆ ವಕೀಲರು, ವಿಮೆಯವರು, ನಮ್ಮಂಥ ನಕ್ಷೆಯವರು. ಈಗ ಮಹಡಿ ಮಹಡಿಯೇ ಖಾಲಿಯಾಗಿ, ಹಜಾರ ಮಾತ್ರ ಮದುವೆ-ಮುಂಜಿಗಳಿಗೆ ಬಾಡಿಗೆಗೆ. ಇಷ್ಟು ಜನರನ್ನು ಬರಮಾಡಿಕೊಂಡು, ಬೀಳ್ಕೊಟ್ಟು, ಒಂದಿಂಚೂ ಕುಗ್ಗದೆ ನಿಂತ ಅದರೆದುರು ನನ್ನ ದುಃಖ ಚಿಕ್ಕದೆನಿಸುತ್ತಿತ್ತು. ಮನೆಗೆ ಹೊರಟಾಗ ಮತ್ತೆ ದೊಡ್ಡದಾಗುತ್ತಿತ್ತು.

ಬಾಡಿಗೆ ಅಗ್ಗವೆಂದು ನಮ್ಮ ಕನ್ನಡ ಸಂಘದವರು ಯುಗಾದಿಯನ್ನು ಅಲ್ಲೇ ಇಟ್ಟುಕೊಂಡಾಗ ಪದ್ಮಿನಿಯೆದುರು ನನ್ನ ಗುಟ್ಟು ಬಯಲಾಗದಿರಲೆಂದು ಹರಕೆ ಹೊತ್ತೆ. ಪೂಜೆಯ ಹಜಾರಕ್ಕೆ ಹಿಮದ ಕೆಸರು ಮೆತ್ತಿದ ಬೂಟಿನಲ್ಲಿ ಹೋಗುವುದುಂಟೆ? ಕಾರ್ಯದರ್ಶಿಗಳು ಜಾಗ ಕೇಳಿದರು. ವಾಲ್ಟರ್ ಖಾಲಿ ಬಿದ್ದಿದ್ದ ತಿಜೋರಿ ಕೋಣೆಯ ಗೇಣು ದಪ್ಪದ ಉಕ್ಕಿನ ಬಾಗಿಲು ತೆರೆದರು. ಚಿನ್ನ ಕೂತಿದ್ದ ಕಪಾಟುಗಳಲ್ಲಿ ನಮ್ಮೆಲ್ಲರ ಚಪ್ಪಲಿ-ಬೂಟುಗಳು ಸಾಲಾಗಿ ಕೂತವು.

ಊಟ ಮುಗಿಸಿ ಅವನ್ನು ಹುಡುಕಲು ಹೋದಾಗ ವಾಲ್ಟರ್ ಪದ್ಮಿನಿಯ ಕೈ ಕುಲುಕಿ, ನಿಮ್ಮ ಚಿತ್ರಾನ್ನ ಬಹಳ ರುಚಿ, ಎರಡು ತಿಂಗಳಿಂದ ಬೆಂಚಿನ ಮೇಲೆ ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೇವೆ, ಇವರಿಗೆ ಬೇಗ ಕೆಲಸ ಸಿಗಲಿ ಎಂದುಬಿಟ್ಟರು. ನೆಲ ಬಾಯಿಬಿಡಬಾರದೆ ಅನಿಸಿತು.

ಪದ್ಮಿನಿ ನನ್ನನ್ನೇ ನೋಡಿದಳು. ಆಮೇಲೆ ಕೇಳಿದ್ದು ಇಷ್ಟೇ: “ಯಾವ ಬೆಂಚು?”

ತೋರಿಸಿದೆ. ರೇಷ್ಮೆ ಸೀರೆಯಲ್ಲಿ ಬರಿಗಾಲಲ್ಲೇ ಹೋಗಿ ಕೂತು, ಪಕ್ಕದ ಜಾಗ ತಟ್ಟಿದಳು. ನಾನು ಅತ್ತುಬಿಟ್ಟೆ. ಅವಳು ಬೈಯಲಿಲ್ಲ, ನನ್ನ ಕೈ ಹಿಡಿದು, ಕತ್ತೆತ್ತಿ ಛಾವಣಿ ನೋಡುತ್ತ ಕೂತಳು. ಎಲ್ಲರೂ ಹೊರಟುಹೋದ ಮೇಲೂ ತಿಜೋರಿಯಲ್ಲಿ ಎರಡು ಜೊತೆ ಉಳಿದಿದ್ದವು. ವಾಲ್ಟರ್ ಬಾಗಿಲು ಮುಚ್ಚಲು ಅವಸರ ಮಾಡಲಿಲ್ಲ; ನನಗೂ ಅಷ್ಟು ಹೊತ್ತು ಬೂಟಿನ ಚಿಂತೆ ಬರಲೇ ಇಲ್ಲ.