ಹೊಳೆಯಾಚೆಯ ಗಡಿಪಾರು

ನನ್ನ ಮೊಬೈಲು ದಿನಕ್ಕೆ ಮೂರು ಸಲವಾದರೂ ನನ್ನನ್ನು ಗಡಿಪಾರು ಮಾಡುತ್ತದೆ. ಕಾಗವಾಡದ ನನ್ನ ಬಾಡಿಗೆ ಕೋಣೆಯಲ್ಲಿ ಮಂಚದ ಮೇಲೆ ಕೂತಿರುವಷ್ಟು ಹೊತ್ತು ನಾನು ಕರ್ನಾಟಕದ ಪ್ರಜೆ. ಒಣಹಾಕಿದ ಅಂಗಿ ತರಲು ಮಾಳಿಗೆ ಹತ್ತಿದೆನೋ, ‘ಮಹಾರಾಷ್ಟ್ರಕ್ಕೆ ಸ್ವಾಗತ’ ಎಂಬ ಸಂದೇಶ ಬಂದು ಬೀಳುತ್ತದೆ. ಅಂಗಿ ಮಡಚಿಕೊಂಡು ಕೆಳಗಿಳಿದರೆ ನನ್ನ ರಾಜ್ಯ ಕ್ಷಮಿಸಿ ಮತ್ತೆ ಒಳಗೆ ಕರೆದುಕೊಳ್ಳುತ್ತದೆ. ಇಡೀ ದಿನದಲ್ಲಿ ನನ್ನನ್ನು ಸ್ವಾಗತಿಸುವವರು ಬೇರೆ ಯಾರೂ ಇಲ್ಲದ್ದರಿಂದ ಆ ಸಂದೇಶಗಳನ್ನು ನಾನು ಅಳಿಸುವುದಿಲ್ಲ.

ಮನುಷ್ಯನನ್ನು ಇದ್ದ ಜಾಗದಿಂದ ಕೀಳುವುದಕ್ಕೆ ನಮ್ಮಲ್ಲಿ ಎಷ್ಟೊಂದು ಶಬ್ದಗಳಿವೆ ನೋಡಿ. ರಾಜಕುಮಾರನಾದರೆ ವನವಾಸ, ವೇಷ ಮರೆಸಿಕೊಂಡರೆ ಅಜ್ಞಾತವಾಸ, ಕುಲದವರು ಮುನಿದರೆ ಬಹಿಷ್ಕಾರ, ಪಕ್ಷದವರು ಮುನಿದರೆ ಉಚ್ಚಾಟನೆ, ಮೇಲಧಿಕಾರಿ ಮುನಿದರೆ ಎತ್ತಂಗಡಿ. ಕೃಷ್ಣೆ ತುಂಬಿ ಬಂದಾಗ ರಾಯಬಾಗ, ಅಥಣಿ ಕಡೆಯ ಹೊಳೆದಂಡೆಯವರನ್ನು ಎಮ್ಮೆ, ಪಾತ್ರೆ, ಅಜ್ಜಿಯರ ಸಮೇತ ಟ್ರ್ಯಾಕ್ಟರಿಗೆ ಹೇರುತ್ತಾರಲ್ಲ, ಅದಕ್ಕೆ ಸರ್ಕಾರಿ ಕಾಗದದಲ್ಲಿ ಸ್ಥಳಾಂತರ ಎಂದು ಹೆಸರು. ಎಳ್ಳಷ್ಟೂ ಕೆಸರು ಮೆತ್ತದ ಇಸ್ತ್ರಿ ಮಾಡಿದ ಶಬ್ದ. ನಿಪ್ಪಾಣಿಯಿಂದ ಚಿಕ್ಕೋಡಿಗೆ, ಅಲ್ಲಿಂದ ಹಾರೂಗೇರಿಗೆ, ಅಲ್ಲಿಂದ ಕಾಗವಾಡಕ್ಕೆ ಮಾಸ್ತರನಾಗಿ ಕಾಲೇಜು ಬದಲಿಸುತ್ತ ಬಂದ ನನ್ನ ಸ್ಥಿತಿಗೆ ಮಾತ್ರ ಯಾವ ಶಬ್ದವೂ ಒಪ್ಪುವುದಿಲ್ಲ. ನನ್ನನ್ನು ಯಾರೂ ಅಟ್ಟಲಿಲ್ಲ. ಒಂದು ಊರಿನಲ್ಲಿ ನಾಲ್ಕು ಜನ ಹೆಸರು ಹಿಡಿದು ಕರೆಯತೊಡಗಿದರೆ ನನಗೇ ಕಾಲು ತುರಿಸುತ್ತಿತ್ತು. ಈಗ ಕರೆಯುವವರಿಲ್ಲ, ಕಾಲೂ ತುರಿಸುವುದಿಲ್ಲ.

ಗಡಿಪಾರು ಎಂದರೆ ನಿಮ್ಮ ಕಣ್ಣ ಮುಂದೆ ಬಲು ದೂರದ ನಾಡೊಂದು ಬರಬಹುದು. ಸದಲಗಾದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅದು ಒಂದು ಸೇತುವೆಯ ದೂರ. ದೂಧಗಂಗೆಯ ಈ ದಂಡೆ ನಮ್ಮ ಜಿಲ್ಲೆ, ಆ ದಂಡೆ ಪರರಾಜ್ಯ. ಪಕ್ಕದ ಮನೆಯ ಬಾಳು ಕಾಕಾ, ದೂರದ ಸಂಬಂಧದಿಂದ ನನಗೆ ಚಿಕ್ಕಪ್ಪನಾಗಬೇಕಾದವನು, ಒಂದು ವರ್ಷ ಜಿಲ್ಲೆಯಿಂದ ಗಡಿಪಾರಾದಾಗ ಹಾಸಿಗೆ ಸುರುಳಿ ಸುತ್ತಿಕೊಂಡು, ಸೇತುವೆ ದಾಟಿ, ಆಚೆ ದಂಡೆಯ ಪಂಪಿನ ಮನೆಯಲ್ಲಿ ಇಳಿದುಕೊಂಡ. ಅಲ್ಲಿಂದ ಅವನ ಕಬ್ಬು ಅವನಿಗೆ ಕಾಣುತ್ತಿತ್ತು. ಯಾರಾದರೂ ನೀರು ತಪ್ಪಾಗಿ ಹಾಯಿಸಿದರೆ ಮಹಾರಾಷ್ಟ್ರದಿಂದಲೇ ಬೈಯುತ್ತಿದ್ದ. ಅವನ ಹೆಂಡತಿ, ನನ್ನ ಕಾಕು, ದಿನಾ ಮಧ್ಯಾಹ್ನ ರೊಟ್ಟಿಯ ಗಂಟು ಹೊತ್ತು ರಾಜ್ಯ ದಾಟುತ್ತಿದ್ದಳು.

ಊರಿಗೆಲ್ಲ ಇದು ನಗೆಯ ವಿಷಯವಾಗಿತ್ತು, ಕಾಕಾನ ತಾಯಿ ಸಾಯುವವರೆಗೆ. ಅವನು ಈಚೆ ಬರಲು ಪರವಾನಿಗಿ ತರಿಸುವಷ್ಟು ವೇಳೆ ಇರಲಿಲ್ಲ. ಮುದುಕಿಯ ಚಿತೆ ಈ ದಂಡೆಯಲ್ಲಿ ಉರಿಯಿತು, ಮಗ ಆ ದಂಡೆಯಲ್ಲಿ ನಿಂತಿದ್ದ. ವರ್ಷ ಮುಗಿದ ಮೇಲೂ ಅವನು ತಿರುಗಿ ಬರಲಿಲ್ಲ. ಕಾಕುವೇ ಅಲ್ಲಿಗೆ ಹೋದಳು.

ಈಗ ನನ್ನ ಪಾಲಿನ ಸಂಗತಿ. ಕಾಕಾ ಮಾತಿಗಿಂತ ಕೈಮುಂದಿನ ಮನುಷ್ಯ. ಒಂದು ಚುನಾವಣೆಯ ಮುಂಚೆ ಹಿರಿಯರು ಸೇರಿ ಇವನನ್ನು ಜಿಲ್ಲೆಯಿಂದಲೇ ಹೊರಗಿಡಿರೆಂದು ಅರ್ಜಿ ಕೊಟ್ಟರು. ಅದನ್ನು ಬರೆದದ್ದು, ಧಾರವಾಡದಿಂದ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದ ನಾನು. ಅವರು ಹೇಳಿದರು, ನಾನು ಬರೆದೆ. ಬರೀ ಕೈ ನನ್ನದು. ಮೂವತ್ತು ವರ್ಷ ನನಗಿದ್ದ ನೆನಪು ಇದು. ಆದರೆ ನೆನಪು ಎಂಬುದು ನಮ್ಮ ಪರವಾಗಿ ಪುಕ್ಕಟೆ ವಾದಿಸುವ ವಕೀಲ ಎಂದು ನಾನು ತರಗತಿಯಲ್ಲಿ ಹೇಳುತ್ತ ಬಂದವನು. ಪರರ ವಕೀಲರನ್ನು ಸಂಶಯಿಸಿದಷ್ಟು ಸುಲಭವಾಗಿ ನನ್ನವನನ್ನು ಸಂಶಯಿಸಲಿಲ್ಲ, ಅಷ್ಟೆ.

ಹೋದ ತಿಂಗಳು ಕಾಕಾನ ಫೋನು ಬಂತು. “ಮಾಸ್ತರ, ಒಂದ ಕಾಗದ ಓದಿಸೂದೈತಿ. ಐತವಾರ ಬಾ.”

ಭಾನುವಾರ ಸೇತುವೆ ದಾಟಿ ಹೋದೆ. ಎಪ್ಪತ್ತೈದು ದಾಟಿದ ಕಾಕಾ ಹೊರಸಿನ ಮೇಲೆ ಕೂತಿದ್ದ. ಕಾಕು ಚಹಾ ಇಟ್ಟಳು. ಅವನು ದಿಂಬಿನ ಕೆಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಹಳದಿ ಹಾಳೆಗಳನ್ನು ನನ್ನ ತೊಡೆಯ ಮೇಲಿಟ್ಟ. ನೋಟಿಸಿನ ಜೊತೆ ಕೊಟ್ಟಿದ್ದ ಅರ್ಜಿಯ ನಕಲು. ಕಾಕಾ ಕಲಿತದ್ದು ಮರಾಠಿ ಶಾಲೆಯಲ್ಲಿ. ನಮ್ಮ ಕಡೆ ಬಹಳ ಜನರ ಹಾಗೆ ಅವನ ಬಾಯಿ ಕನ್ನಡದ್ದು, ಕಣ್ಣು ಮರಾಠಿಯದು.

“ಇಷ್ಟ ವರ್ಷ ಯಾರ ಕಡೆನೂ ಓದಿಸಿಲ್ಲೇನು?”

“ಮಂದೀಗೆ ತೋರಿಸಿದ್ರ ಮಜಾ ತಗೋತಾರ. ನೀ ಮನೀ ಮನಷ್ಯಾ. ನನ್ನ ಮ್ಯಾಲೆ ಏನೇನ ಬರದಾರ, ಒಮ್ಮೆ ಕೇಳಿ ಸಾಯ್ತೀನಿ.”

“ಸಾಯೂ ಮಾತ ಬ್ಯಾಡ, ಚಹಾ ಆರತೈತಿ,” ಎಂದಳು ಕಾಕು.

ಅಕ್ಷರ ನನ್ನವೇ. ಆಗ ನನಗೆ ಅಕ್ಷರ ದುಂಡಗೆ ಬರೆಯುವ ಹುಚ್ಚಿತ್ತು. ಓದತೊಡಗಿದೆ. ಊರಿನ ಇಂಥವನ ಹಲ್ಲು ಮುರಿದದ್ದು ಮೊದಲನೆಯ ದೂರು.

“ಒಂದಲ್ಲೋ, ಎರಡ ಹಲ್ಲ,” ಎಂದ ಕಾಕಾ.

“ಎರಡನೇದ್ದು ಮೊದಲಽ ಅಳ್ಳಾಡ್ತಿತ್ತ,” ಎಂದಳು ಕಾಕು.

ಪಕ್ಕದ ಹೊಲದವರ ನೀರಿನ ಪೈಪು ಕೊಯ್ದದ್ದು. ಪ್ರಚಾರದ ಜೀಪಿನ ಗಾಜು ಒಡೆದದ್ದು. ಕಾಕಾ ಪ್ರತಿಯೊಂದಕ್ಕೂ, ಹಳೆಯ ಗೆಳೆಯರ ಹೆಸರು ಕೇಳಿದವನಂತೆ ತಲೆಯಾಡಿಸುತ್ತಿದ್ದ. ಮುಂದಿನ ಸಾಲಿಗೆ ನನ್ನ ಕಣ್ಣು ಹೋಯಿತು, ನಾಲಿಗೆ ನಿಂತಿತು. ‘ಈ ವ್ಯಕ್ತಿ ಇಲ್ಲಿರುವವರೆಗೆ ನಮ್ಮ ಊರು ತನ್ನ ಮನೆಯಲ್ಲಿಯೇ ಪರದೇಶಿಯಾಗಿರುತ್ತದೆ.’

ನೀವೇ ಹೇಳಿ, ಪೈಪು ಕೊಯ್ಸಿಕೊಂಡ ಯಾವ ರೈತ ಹೀಗೆ ಹೇಳಿ ಬರೆಸುತ್ತಾನೆ? ಅದು ಹೊಸ ಪದವೀಧರನೊಬ್ಬ ತನ್ನ ಗದ್ಯಕ್ಕೆ ತಾನೇ ಮರುಳಾದ ಸಾಲು. ಬರೆದಾದ ಮೇಲೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡಿರಲಿಕ್ಕೂ ಸಾಕು. ನಾನು ಆ ಸಾಲನ್ನು ಹಾರಿಸಿ, ಕೆಳಗಿನ ಸಹಿಗಳನ್ನು ಓದಿ ಮುಗಿಸಿಬಿಟ್ಟೆ.

ಕಾಕಾ ಹಾಳೆಯ ಕಡೆ ಬಾಗಿ ನೋಡಿದ. ಆಮೇಲೆ, “ಇಷ್ಟಽ ಏನು?” ಎಂದ.

“ಇಷ್ಟಽ.”

“ಹಲ್ಲು, ಪೈಪು, ಗಾಜು. ಇಷ್ಟಕ್ಕ ನಾ ನಮ್ಮವ್ವಗ ಹೆಗಲ ಕೊಡಲಿಲ್ಲ?”

ಅವನು ಸಿಟ್ಟಿನಿಂದ ಕೇಳಲಿಲ್ಲ. ಲೆಕ್ಕ ಬರದ ವಿದ್ಯಾರ್ಥಿ ಕೇಳುವ ಹಾಗೆ, ನಿಜವಾಗಿಯೂ ತಿಳಿಯದೆ ಕೇಳಿದ. ನಾನು ಕರುಣೆಯೆಂದುಕೊಂಡು ಮುಚ್ಚಿಟ್ಟದ್ದು ಅವನ ಶಿಕ್ಷೆಯ ಒಂದೇ ಒಂದು ದೊಡ್ಡ ಕಾರಣವನ್ನು. ಹಾಳೆಯನ್ನು ಮತ್ತೆ ಎತ್ತಿಕೊಂಡೆ.

“ಒಂದ ಸಾಲ ಬಿಟ್ಟಿದ್ದೆ ಕಾಕಾ.” ಓದಿದೆ. ಮೂವತ್ತು ವರ್ಷದ ಹಿಂದೆ ಇದ್ದಷ್ಟೇ ಚೆಂದವಾಗಿ ಅದು ಕೇಳಿಸಿತು. ಅದೇ ನನಗೆ ಹೇಸಿಗೆ ತರಿಸಿತು. “ಇದು ಹಿರ್ಯಾರು ಹೇಳಿದ್ದಲ್ಲ. ನಾನಽ ಬರದದ್ದು.”

ಕಾಕು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಒಳಗೆ ನೀರು ಬಿಟ್ಟ ಸಪ್ಪಳ ಬಹಳ ಹೊತ್ತು ಕೇಳಿಸಿತು. ಹೊರಗಿನಿಂದ ಬಂದವನಿಗೆ ಎದ್ದು ಹೋಗಲು ಬಾಗಿಲಾದರೂ ಇರುತ್ತದೆ. ಮನೀ ಮನಷ್ಯಾ ಎಂದು ಕರೆಸಿಕೊಂಡವನಿಗೆ ಅದೂ ಇರುವುದಿಲ್ಲ ಎಂದು ಆಗ ತಿಳಿಯಿತು.

“ಆವಾಗ ನಿನಗ ಎಷ್ಟ ವರ್ಷ?”

“ಇಪ್ಪತ್ತಮೂರು.”

“ಹೂಂ.” ಹಾಳೆಗಳನ್ನು ಇಸಿದುಕೊಂಡು ಕಾಕಾ ಚೀಲಕ್ಕೆ ಹಾಕಲಿಲ್ಲ, ಹರಿಯಲೂ ಇಲ್ಲ. ಹೊರಸಿನ ಮೇಲೆ ಹಾಗೆಯೇ ಬಿಟ್ಟು, ಕಿಟಕಿಯಿಂದ ಹೊಳೆಯ ಕಡೆ ನೋಡಿದ. “ಅದ ಹೋಗಲಿ. ನಮ್ಮವ್ವನ ಮಣ್ಣ ಹೆಂಗಾತು ಹೇಳು. ಇಷ್ಟ ದೂರದಿಂದ ನನಗ ಬರೀ ಹೊಗೀನಽ ಕಾಣ್ತಿತ್ತು. ಸಾಯೂಕಿಂತ ಮದಲ ಏನರ ಅಂದಳೇನು? ಯಾರ ಅತ್ತರು?”

ಅಂದರೆ ಈ ಕಾಗದ ನೆಪ. ಅವನು ನನ್ನನ್ನು ಕರೆಸಿದ್ದು ಇದಕ್ಕೆ. ಚೆಂದದ ಸಾಲುಗಳು ನನ್ನ ಬಾಯಿಗೆ ಬಂದವು: ಕೊನೆಗಳಿಗೆಯಲ್ಲಿ ನಿನ್ನ ಹೆಸರು ಹಿಡಿದು ಕರೆದಳು, ಊರಿಗೆ ಊರೇ ಅತ್ತಿತು. ಒಂದು ಅರ್ಜಿ ಬರೆದ ಕೈಗೆ ಇನ್ನೊಂದು ಕಟ್ಟುಕತೆ ಎಷ್ಟರದು? ನೆನಪನ್ನು ಕೆದಕಿದೆ. ಸಿಕ್ಕಿದ್ದು ಒಂದೇ, ಆ ದಿನ ನಾನು ಧಾರವಾಡದಲ್ಲಿದ್ದೆ ಎಂಬ ಅನುಕೂಲಕರ ಭಾವನೆ.

“ನನಗ ನೆನಪಿಲ್ಲ ಕಾಕಾ. ನಾ ಅಲ್ಲಿ ಇದ್ದಿಲ್ಲ ಅನಸತೈತಿ. ಧಾರವಾಡದಾಗ ಇದ್ದೆ.”

ಕಾಕಾ ನನ್ನ ಕಡೆ ತಿರುಗಿದ. “ಎಲ್ಲೀ ಧಾರವಾಡ ಲೇ? ಬಿಳೇ ಅಂಗಿ ಹಾಕ್ಕೊಂಡ ಎಡಗಡೆ ನಿಂತಿದ್ದಿ. ಎಲ್ಲಾರೂ ಚಿತಾ ನೋಡ್ತಿದ್ರು. ನೀ ಒಬ್ಬಾಂವಽ ಬಿಸಲಿಗೆ ಕೈ ಅಡ್ಡ ಹಿಡದು ಈ ದಂಡೀಗೆ ನೋಡ್ತಿದ್ದಿ. ನನ್ನಽ ನೋಡ್ತಿದ್ದಿ.”

ಅಷ್ಟು ದೂರದಿಂದ, ಆ ಹೊಗೆಯಲ್ಲಿ, ಒಬ್ಬನ ಮುಖದ ಗುರುತು ಸಿಗುತ್ತದೆಯೇ ಎಂದು ನಾನು ಕೇಳಲಿಲ್ಲ.